ಕೈ ಬಿಟ್ಟ ಕಾಳು

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ನಮ್ಮ ಮನೆಗೆ ಬಂದವರು ಅಡುಗೆಮನೆಯ ತನಕ ಬಂದರೆ ಒಂದು ಪ್ರಶ್ನೆ ಕೇಳದೆ ಹೋಗುವುದಿಲ್ಲ. ಒಲೆಯ ಬಲಗಡೆ, ಕಡಪಾ ಕಲ್ಲಿನ ಮೇಲೆ ಒಂದು ತಗಡಿನ ಡಬ್ಬಿ ಇದೆ. ಅಂದಚೆಂದ ಏನೂ ಇಲ್ಲದ್ದು. ನಮ್ಮ ಯಜಮಾನರು ಕುಷ್ಟಗಿಯಲ್ಲಿ ಬಸ್ ಮೆಕ್ಯಾನಿಕ್ ಆಗಿದ್ದಾಗ ಗುಜರಿ ಅಂಗಡಿಯಿಂದ ಹಳೆಯ ಬಸ್ಸಿನ ತಗಡು ತಂದು, ಕತ್ತರಿಸಿ, ಬೆಸುಗೆ ಹಾಕಿ ಮಾಡಿಕೊಟ್ಟದ್ದು. ಹೊರಗೆ ಎಷ್ಟು ಉಜ್ಜಿದರೂ ತಳದ ಅಂಚಿನಲ್ಲಿ ಬಸ್ಸಿನ ಕೆಂಪು ಬಣ್ಣ ಇನ್ನೂ ಅಂಟಿಕೊಂಡಿದೆ. ನಾನು ಎಲ್ಲವನ್ನೂ ಫಳಫಳ ಇಡುವವಳು. ನಿವೃತ್ತ ನರ್ಸು, ಅದಕ್ಕೂ ಮೊದಲು ಮಿಷನ್ ಬೋರ್ಡಿಂಗಿನ ಹುಡುಗಿ. ಹಾಸಿಗೆಯ ಚಾದರದ ಮೂಲೆ ಈಗಲೂ ಆಸ್ಪತ್ರೆಯ ಮಂಚದ ಮೂಲೆಯಂತೆಯೇ ಮಡಚಿರಬೇಕು ನನಗೆ. ಅಂಥವಳ ಅಡುಗೆಮನೆಯಲ್ಲಿ ಈ ಸೊಟ್ಟ ಡಬ್ಬಿ ಯಾಕೆ ಎಂದು ಯಾರಿಗಾದರೂ ಅನಿಸಬೇಕಾದದ್ದೇ.

ಮೊದಲು ಕೇಳಿದವಳು ಪಕ್ಕದ ಮನೆಯ ಗೌರವ್ವ. ಹೆಪ್ಪಿಗೆ ಮೊಸರು ಕೇಳಲು ಬಂದವಳು ನಾನು ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಅದರಲ್ಲಿ ಹಾಕಿದ್ದನ್ನು ನೋಡಿದಳು.

"ಅದೇನ್ರಿ ಸಿಸ್ಟರಮ್ಮಾ, ದಿನಾ ಒಂದ್ ಮುಟಿಗಿ ಅದ್ರಾಗ ಹಾಕ್ತೀರಿ, ತಗ್ಯೂದು ಮಾತ್ರ ಒಂದಿನಾನೂ ನೋಡಿಲ್ಲ. ಗಂಡಗ ಕಾಣಲಾರದಂಗ ಅಕ್ಕಿ ಕೂಡಿಸಾಕತ್ತೀರೇನ?"

"ದೇವರಿಗೆ ಗೌರವ್ವ. ಐತವಾರ ಚರ್ಚಿಗೆ ಒಯ್ತೀನಿ."

"ಅಯ್ಯ, ಹಂಗಾರ ಜೋಳಿಗಿ ಅನ್ರಿ! ನಮ್ಮ ಮಠದ ಅಯ್ಯಾರು ಜೋಳಿಗಿ ಹಿಡಕೊಂಡು ಬಾಗಿಲಿಗೆ ಬರ್ತಾರ. ನಿಮ್ಮ ದೇವರಿಗೆ ನೀವ ಒಯ್ದು ಮುಟ್ಟಿಸಬೇಕೇನ? ಭಾಳ ಸೋಮಾರಿ ಅದಾನ ಬಿಡ್ರಿ."

ನಾನು ನಕ್ಕೆ. ಆಗ ನಗು ಬರುತ್ತಿತ್ತು; ಯಜಮಾನರು ಇದ್ದ ಕಾಲ.

ಈ ಪದ್ಧತಿ ನನ್ನದಲ್ಲ, ನಮ್ಮವ್ವನದು. ಅವ್ವನದೂ ಅಲ್ಲ, ನಮ್ಮ ಕಡೆಯ ಕ್ರೈಸ್ತರ ಮನೆಗಳದ್ದು. ಅಡುಗೆಗೆ ಕಾಳು ತೆಗೆದಾಗ ಮೊದಲ ಹಿಡಿ ದೇವರದು. ವಾರವಿಡೀ ಕೂಡಿದ್ದನ್ನು ಭಾನುವಾರ ಚರ್ಚಿನ ಮೂಲೆಯ ಚೀಲಕ್ಕೆ ಸುರಿಯುವುದು, ಅಲ್ಲಿಂದ ಅದು ಒಲೆ ಹೊತ್ತದ ಮನೆಗೆ ಹೋಗುವುದು. ಹನುಮಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಚರ್ಚು ಅಂದರೆ ಮಣ್ಣಿನ ಗೋಡೆಯ ಒಂದು ಉದ್ದನೆಯ ಕೋಣೆ. ಅವ್ವ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದಳು. ಮೊರದಲ್ಲಿನ ಜೋಳದಿಂದ ಒಂದು ಹಿಡಿ ತೆಗೆದು, ತುಟಿ ಅಲುಗಿದ್ದು ಕಂಡೂ ಕಾಣದಂತೆ ಏನೋ ಅಂದು, ಪಕ್ಕದ ಗಡಿಗೆಗೆ ಬಿಡುತ್ತಿದ್ದಳು. ಗಡಿಗೆ ಖಾಲಿಯಿದ್ದ ಸೋಮವಾರ ಕಾಳು ತಳಕ್ಕೆ ಬಿದ್ದು ಸರ್ರೆಂದು ಸದ್ದು ಮಾಡುತ್ತಿತ್ತು. ಕಂಬಳಿಯೊಳಗೆ ಮಲಗಿದ್ದ ನನಗೆ ಆ ಸದ್ದೇ ವಾರ ಶುರುವಾದ ಗುರುತು. ಬುಧವಾರದ ಹೊತ್ತಿಗೆ ತಳ ಮುಚ್ಚಿ ಸದ್ದು ನಿಂತುಹೋಗುತ್ತಿತ್ತು; ಕಾಳಿನ ಮೇಲೆ ಕಾಳು ಬೀಳುವುದು ಯಾರಿಗೂ ಕೇಳಿಸುವುದಿಲ್ಲ.

ಅವ್ವನ ಕಟ್ಟಳೆಗಳು ಎರಡೇ. ಮೊದಲ ಹಿಡಿ ಕೊಡಬೇಕು, ಉಳಿದದ್ದಲ್ಲ. ಮತ್ತೆ, ಕೈ ಬಿಟ್ಟ ಕಾಳು ಮನೆಯದಲ್ಲ. ಒಂದು ದಿನ ನನ್ನ ಪುಟ್ಟ ಮುಷ್ಟಿಯಿಂದ ಹಾಕಿಸುವಾಗ ಅರ್ಧ ಕಾಳು ಗಡಿಗೆಯ ಹೊರಗೆ ಚೆಲ್ಲಿತು. ನಾನು ಆರಿಸಿ ಮೊರಕ್ಕೆ ಹಾಕಲು ಹೋದೆ. ಅವ್ವ ಮಣಿಕಟ್ಟು ಹಿಡಿದಳು.

"ಎಲ್ಲಿಗೆ ಹಾಕ್ತಿ? ಕೈ ಬಿಟ್ಟಿ ಅಂದ್ರ ಮುಗೀತು. ನೆಲಕ್ಕ ಬಿದ್ರೂ ಅದು ಅವಂದ. ಆರಿಸಿ ಗಡಿಗ್ಯಾಗ ಹಾಕು."

"ಇಷ್ಟ ಇಷ್ಟ ಕೊಟ್ರ ಏನಾಕ್ಕೈತಿ ಬೇ?"

"ನಂಬಿಕಿ ಬೆಳೀತೈತಿ."

"ಹೆಂಗ?"

"ಎಮ್ಮಿ ಹಾಲು ಹೆಂಗ ಇಳೀತೈತಿ? ಹಿಂಡಿದಂಗ ಇಳೀತೈತಿ. ನಾಕ ದಿನ ಹಿಂಡೂದು ಬಿಟ್ಟ ನೋಡು, ಬತ್ತಿ ಹೊಕ್ಕೈತಿ. ನಂಬಿಕಿ ಬರ್ಲಿ ಆಮ್ಯಾಲ ಕೊಡೂನು ಅಂತ ಕುಂತ್ರ ಎರಡೂ ಇಲ್ಲ. ಕೊಡಕೋಂತ ಹೋಗು, ತಾನ ಬರ್ತೈತಿ."

ನಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ದೇವರ ವಿಷಯವನ್ನೆಲ್ಲ ಅವಳು ಕೊಟ್ಟಿಗೆಯ ಮಾತಿನಲ್ಲೇ ಹೇಳಿದಳು. ಆ ಎಮ್ಮೆಯನ್ನು ನಾನು ಜೀವಮಾನವಿಡೀ ಹಿಂಡುತ್ತ ಬಂದೆ.

ಒಂದು ಮಳೆಗಾಲ ಅಪ್ಪ ವಿಷಮಜ್ವರ ಬಂದು ಮಲಗಿದ. ಕೂಲಿ ನಿಂತಿತು. ಆಗ ಚರ್ಚಿನ ಅಯ್ಯನವರು, ಅಂದರೆ ಪಾದ್ರಿಗಳು, ಸಂಜೆ ಒಂದು ಚೀಲ ಹೊತ್ತು ತಂದು ಬಾಗಿಲಲ್ಲಿ ಇಳಿಸಿದರು. ಊರ ಕ್ರೈಸ್ತರ ಹಿಡಿಗಳೆಲ್ಲ ಕೂಡಿದ ಚೀಲ: ಜೋಳ, ಸಜ್ಜೆ, ನವಣೆ, ಯಾರದೋ ಮನೆಯ ನುಚ್ಚಕ್ಕಿ. ಅದನ್ನೆಲ್ಲ ಒಟ್ಟಿಗೆ ಒಡೆದು ಕುದಿಸಿದ ಅಂಬಲಿಯ ರುಚಿ ಆಮೇಲೆ ಎಲ್ಲಿಯೂ ಸಿಗಲಿಲ್ಲ. ಒಂದು ಕಾಳು ಬೆಂದಿದ್ದರೆ ಇನ್ನೊಂದು ಹಲ್ಲಿಗೆ ಸಿಗುತ್ತಿತ್ತು. ಆದರೆ ನನಗೆ ನೆನಪಿರುವುದು ರುಚಿಗಿಂತ ಹೆಚ್ಚಾಗಿ ಅವ್ವ ಮಾಡಿದ ಒಂದು ಕೆಲಸ. ಚೀಲ ಬಿಚ್ಚಿದವಳೇ ಮೊದಲ ಹಿಡಿ ತೆಗೆದು ದೇವರ ಗಡಿಗೆಗೆ ಹಾಕಿದಳು!

"ಯವ್ವಾ, ನಿನಗ ಹುಚ್ಚೇನ? ಚರ್ಚಿನ್ಯಾರು ಕೊಟ್ಟಿದ್ದನ್ನ ಮತ್ತ ಚರ್ಚಿಗೇ ಕೊಡ್ತಿಯಲ್ಲ!"

"ಅದು ತಿರುಗಾಡಾಕ ಬಂದೈತಿ, ನಮ್ಮನ್ಯಾಗ ಕುಂಡ್ರಾಕ ಬಂದಿಲ್ಲ" ಎಂದಳು ಅವ್ವ.

ಅಪ್ಪ ಎದ್ದ. ಅವ್ವನಿಗೆ ಅದು ಸಾಕ್ಷಿಯಾಯಿತು. ನನಗೂ. ಮಕ್ಕಳಿಗೆ ಸಾಕ್ಷಿ ಇಷ್ಟು ಸುಲಭವಾಗಿ ಸಿಗಬಾರದು ಎಂದು ಈಗ ಅನ್ನಿಸುತ್ತದೆ. ಮುಂದೆ ಅಂಥದ್ದೇ ಬೇಕು ಎಂದು ಮನಸ್ಸು ಹಟ ಹಿಡಿಯುತ್ತದೆ.

ಬೋರ್ಡಿಂಗಿಗೆ ಹೋದ ಮೇಲೆ ಎಲ್ಲಕ್ಕೂ ಗಂಟೆ. ಏಳಲು ಗಂಟೆ, ಪ್ರಾರ್ಥನೆಗೆ ಗಂಟೆ, ತಲೆ ಬಾಚಲು ಗಂಟೆ. ನಮ್ಮನ್ನು ನೋಡಿಕೊಳ್ಳುವ ಮೇಟ್ರನ್ ಬಾಯಿಯವರು ಕಸಬರಿಗೆಯ ಗುರುತು ನೆಲದ ಮೇಲೆ ಸಾಲಾಗಿ ಮೂಡಿದೆಯೋ ಇಲ್ಲವೋ ನೋಡುತ್ತಿದ್ದರು. ಉಳಿದ ಹುಡುಗಿಯರು ಅಳುತ್ತಿದ್ದರು, ನನಗೆ ಮಾತ್ರ ಅದು ಒಗ್ಗಿಹೋಯಿತು. ಗಂಟೆ ಹೊಡೆದರೆ ಮಾಡುವುದು. ಮಾಡಬೇಕೆನ್ನಿಸುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಹೀಗಾಗಿ ಕೊಡುವುದು ನನಗೆ ಭಕ್ತಿಯಾಗುವ ಮೊದಲು ಅಭ್ಯಾಸವಾಯಿತು. ಇದು ಒಳ್ಳೆಯದೋ ಕೆಟ್ಟದ್ದೋ, ಮುಂದೆ ಓದಿ ನೀವೇ ಹೇಳಿ.

ಮದುವೆಯಾದದ್ದು ಗಂಗಾವತಿ ಕಡೆಯವರನ್ನು. ಹೇಮಗುಡ್ಡ ಕಾಣುವ ಊರು, ಕಾಲುವೆಯ ನೀರು, ಎರಡು ಹೊತ್ತೂ ಅನ್ನ. ನಾನು ಜೋಳದವಳು. ದೇವರ ಡಬ್ಬಿಗೆ ಜೋಳವೋ ಅಕ್ಕಿಯೋ ಎಂಬುದೇ ನಮ್ಮ ಮೊದಲ ಜಗಳ.

"ದೇವರು ಅನ್ನ ಉಣ್ಣಾಂವ. ನಿಮ್ಮ ಜ್ವಾಳಾ ಅರಗೂದಿಲ್ಲ ಅವಗ" ಎಂದರು ಇವರು.

"ಅನ್ನ ಉಂಡು ನಿಮ್ಮಂಗ ಮೆತ್ತಗಾದ ದೇವರು ನಮಗ ಬ್ಯಾಡ್ರಿ" ಎಂದೆ ನಾನು.

ಕಡೆಗೆ ಬೇಯುವುದು ಅನ್ನವೇ ಆದ್ದರಿಂದ ಅಕ್ಕಿ ಗೆದ್ದಿತು. ಒಮ್ಮೆ ನಾನು ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಾಗ ಕೆಲವು ದಿನ ಒಲೆ ಹಚ್ಚಲಿಲ್ಲ. ಓಣಿಯ ರೊಟ್ಟಿ ಅಂಗಡಿಯಿಂದ ರೊಟ್ಟಿ ತರಿಸಿದೆವು. ಅಡುಗೆಯೇ ಇಲ್ಲದ ಮನೆಯಲ್ಲಿ ಮೊದಲ ಹಿಡಿ ಎಲ್ಲಿಂದ? ನಾನು ದಿನಕ್ಕೊಂದು ಕಡಕ್ ರೊಟ್ಟಿ ಮುರಿದು ಡಬ್ಬಿಗೆ ಹಾಕಿದೆ. ಅದು ಕೆಡುವುದಿಲ್ಲವಲ್ಲ. ಭಾನುವಾರ ಆ ಚೂರುಗಳನ್ನು ನೋಡಿ ಇವರು, "ಹಲ್ಲು ಗಟ್ಟಿ ಇರೂ ದೇವರ ಬೇಕು ಬಿಡ ನಿನಗ" ಎಂದು ಚರ್ಚಿನ ಮೆಟ್ಟಿಲ ಮೇಲೆಯೇ ನಕ್ಕಿದ್ದರು. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಗು ಇತ್ತು.

ಚರ್ಚಿನ ಸುಗ್ಗಿ ಹಬ್ಬದಲ್ಲಿ ಇವರದು ಇನ್ನೊಂದು ಹುಚ್ಚು. ಆ ಭಾನುವಾರ ಆರಾಧನೆ ಮುಗಿದ ಮೇಲೆ, ಸಭೆಯವರು ತಂದು ಅರ್ಪಿಸಿದ್ದನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಕುಂಬಳಕಾಯಿ, ಕೋಳಿ, ಹುಣಸೆಹಣ್ಣು, ಬಾಳೆಗೊನೆ. ಆ ದಿನ ನಾನು ಡಬ್ಬಿಯನ್ನು ತುಂಬಿಕೊಂಡೇ ಒಯ್ಯುತ್ತಿದ್ದೆ. ಯಾರ ಹಿಡಿಯಕ್ಕಿ ಯಾರ ಮನೆಗೋ ಹೋಗಿ ಬೆಂದರೆ ಶುಭವೆಂದು ಜನ ಪೈಪೋಟಿಯಲ್ಲಿ ಕೂಗುತ್ತಿದ್ದರು. ಇವರು ಮಾತ್ರ ಪ್ರತಿ ವರ್ಷ ನಮ್ಮ ಡಬ್ಬಿಯನ್ನೇ ಕೂಗಿ, ಎಲ್ಲರನ್ನೂ ಸೋಲಿಸಿ, ನಮ್ಮ ಅಕ್ಕಿಯನ್ನು ನಾವೇ ಕೊಂಡು ತರುತ್ತಿದ್ದರು. ಬಸ್ಸಿನ ದರಕ್ಕಿಂತ ಅಕ್ಕಿಯ ದರ ಹೆಚ್ಚಾಯಿತೆಂದು ನಾನು ಬೈದರೆ, "ನಿಮ್ಮವ್ವ ಮಾಡಿದ್ದನ್ನ ನಾ ಮಾಡೀನಿ, ತಿರುಗಾಡಿ ಬಂತು" ಎನ್ನುತ್ತಿದ್ದರು.

ಆಮೇಲೆ ಇವರ ಮೂತ್ರಪಿಂಡ ಕೈಕೊಟ್ಟಿತು. ವಾರದಲ್ಲಿ ಹಲವು ಸಲ ಕೊಪ್ಪಳದ ಆಸ್ಪತ್ರೆ, ಸೂಜಿ, ರಕ್ತ ಸೋಸುವ ಯಂತ್ರದ ಪಕ್ಕದ ಕುರ್ಚಿ. ಇಂಥ ರೋಗದ ದಾರಿ ಎಲ್ಲಿ ಮುಗಿಯುತ್ತದೆಂದು ನರ್ಸಾದವಳಿಗೆ ಬೇರೆಯವರು ಹೇಳಬೇಕಾಗಿಲ್ಲ. ಆದರೂ ನನ್ನ ಕೈ ಡಬ್ಬಿಗೆ ಒಂದು ಹಿಡಿ ಹಾಕಿ ನಿಲ್ಲದೆ ಎರಡು ಹಾಕತೊಡಗಿತು. ಆಮೇಲೆ ಮೂರು. ಅವ್ವನ ಲೆಕ್ಕ ಸರಳವಾಗಿತ್ತು, ಕೊಟ್ಟಷ್ಟು ನಂಬಿಕೆ. ನನ್ನದು ಅದರ ಮೇಲೆ ಒಂದು ಮೆಟ್ಟಿಲು, ನಂಬಿದಷ್ಟು ಇವರ ಆಯುಷ್ಯ. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಇವರು ಒಂದು ದಿನ ಅದನ್ನು ನೋಡಿದರು.

"ಏನ ಸಿಸ್ಟರ್ ಬಾಯಾರ, ದೇವರಿಗೆ ಲಂಚ ಕೊಡಾಕತ್ತೀರೇನ?"

"ಸುಮ್ನಿರ್ರಿ."

"ಹಂಗಲ್ಲ. ನನ್ನ ಪಾಲಿನ ಅನ್ನಾನ ಕಡಿಮಿ ಆಗೇತಲ್ಲ, ಅದಕ್ಕ ಕೇಳಿದೆ." ನಕ್ಕರು. ಮುಖ ಬಾತಿತ್ತು, ನಗು ಮೊದಲಿನಂತೆಯೇ ಇತ್ತು. ಆಮೇಲೆ ಮೆಲ್ಲಗೆ ಅಂದರು: "ನಾ ಹ್ವಾದ ಮ್ಯಾಲೂ ಒಂದ್ ಹಿಡಿ ಹಾಕ. ಒಂದ ಸಾಕು. ಮೂರು ಬ್ಯಾಡ."

ಅವರು ಹೋದರು. ಚರ್ಚಿನವರು ಬಂದು ಹಾಡಿದರು, ಪ್ರಾರ್ಥಿಸಿದರು, ಚಹಾ ಕುಡಿದರು. ನಾನು ಕಪ್ಪುಗಳನ್ನು ತೊಳೆದು ಬೋರಲು ಹಾಕಿದೆ. ಅಳುವುದಕ್ಕೂ ಹೊತ್ತು ಗೊತ್ತುಮಾಡಿಕೊಂಡೆ ಎಂದರೆ ನೀವು ನಂಬಲಿಕ್ಕಿಲ್ಲ: ಸಂಜೆಯ ಚಹಾ ಆದ ಮೇಲೆ, ಗಿಡಗಳಿಗೆ ನೀರು ಹಾಕುವ ಮೊದಲು. ಆ ಹೊತ್ತಿನಲ್ಲಿ ಯಾರಾದರೂ ಬಂದರೆ ಅಂದಿನ ಅಳು ತಪ್ಪುತ್ತಿತ್ತು. ಮರುದಿನಕ್ಕೆ ಮುಂದೂಡುವುದು ನನಗೆ ಬರುವುದಿಲ್ಲ. ಮೇಟ್ರನ್ ಬಾಯಿಯವರು ನೋಡಿದ್ದರೆ ಮೆಚ್ಚುತ್ತಿದ್ದರು.

ಪ್ರಾರ್ಥನೆಯೂ ಹೊತ್ತಿಗೆ ಸರಿಯಾಗಿಯೇ ನಡೆಯಿತು. ಮೊಣಕಾಲೂರಿದೆ, ಕಣ್ಣು ಮುಚ್ಚಿದೆ, ಮಾತು ಹೊರಟಿತು. ಆ ಕಡೆ ಯಾರೂ ಇರಲಿಲ್ಲ. ನನಗೆ ಸಿಟ್ಟು ಬಂದಿದ್ದರೆ, ಸಿಟ್ಟು ಮಾಡಲು ಒಬ್ಬನಾದರೂ ಇದ್ದಾನೆ ಎಂದಾಗುತ್ತಿತ್ತು. ಸಿಟ್ಟೂ ಇಲ್ಲ. ರೋಗಿಯ ಕೈಹಿಡಿದು ನಾಡಿ ಹುಡುಕುತ್ತ ಹುಡುಕುತ್ತ, ಬೆರಳು ಸರಿಸಿ ನೋಡಿ, ಇನ್ನು ಇಲ್ಲ ಎಂದು ತಿಳಿಯುವ ಗಳಿಗೆ ಒಂದು ಇರುತ್ತದೆ. ನನ್ನ ವೃತ್ತಿಯಲ್ಲಿ ಅದು ಬೇಕಾದಷ್ಟು ಸಲ ಬಂದಿದೆ. ಹಾಗೆಯೇ ಇತ್ತು ಅದು. ಆದರೂ ಒಂದು ಹಿಡಿ ಹಾಕುತ್ತಲೇ ಇದ್ದೆ. ಕೊಡುತ್ತ ಹೋದರೆ ತಾನೇ ಬರುತ್ತದೆ ಎಂದಿದ್ದಳಲ್ಲ ಅವ್ವ. ಗಡುವಿಲ್ಲದ ಕೆಲಸ ನನಗೆ ಆಗುವುದಿಲ್ಲ. ಸುಗ್ಗಿ ಹಬ್ಬದ ತನಕ ನೋಡುವುದು, ಅಷ್ಟರೊಳಗೆ ನನ್ನ ಒಳಗೆ ಏನಾದರೂ ಮಿಸುಕಿದರೆ ಸರಿ, ಇಲ್ಲದಿದ್ದರೆ ಡಬ್ಬಿ ಮುಚ್ಚಿಬಿಡುವುದು ಎಂದು ನಿಶ್ಚಯಿಸಿದೆ.

ಅಷ್ಟರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಚರ್ಚಿನ ಮೂಲೆಯ ಚೀಲದಲ್ಲಿ ನನ್ನ ಅಕ್ಕಿ ಬಿಟ್ಟರೆ ಯಾರದೂ ಇರಲಿಲ್ಲ. ಯಾವ ಕಾಲದಿಂದ ಹೀಗೋ, ಇವರ ಕಾಯಿಲೆಯ ಗಡಿಬಿಡಿಯಲ್ಲಿ ನಾನು ನೋಡಿರಲಿಲ್ಲ. ಈಗಿನ ಅಯ್ಯನವರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಸಂಕೋಚದಿಂದಲೇ ಹೇಳಿದರು.

"ಅಮ್ಮಾರ, ತಪ್ಪು ತಿಳಿಬ್ಯಾಡ್ರಿ. ಅಕ್ಕಿ ಈಗ ಯಾರೂ ಒಯ್ಯಂಗಿಲ್ರಿ, ನುಸಿ ಹತ್ತತಾವ. ಎಲ್ಲಾರೂ ರೊಕ್ಕಾನ ಫೋನಿನಾಗ ಹಾಕಿಬಿಡ್ತಾರ್ರಿ."

"ಫೋನಿನಾಗ ಹಾಕೂದು ಹಾಕೇ ಹಾಕ್ತೀನಲ್ರಿ ಅಯ್ಯಾರ. ಇದು ಬ್ಯಾರೆ."

"ಹೌದ್ರಿ, ಬ್ಯಾರೇರಿ" ಎಂದರು ಪಾಪ. ಏನು ಬೇರೆ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೇಳಲಾಗಲಿಲ್ಲ. ಪಿಂಚಣಿಯ ದಶಮಾಂಶವನ್ನು, ದೇವರ ಹತ್ತನೇ ಪಾಲನ್ನು, ಫೋನಿನಲ್ಲಿ ಕಳಿಸಿದಾಗ ಅದು ಟಿಣ್ ಎನ್ನುತ್ತದೆ. ಅಷ್ಟೇ, ಕೈಗೆ ಏನೂ ತಿಳಿಯುವುದಿಲ್ಲ.

ನಾನೇ ಕೊಟ್ಟರಾಯಿತೆಂದು, ಚೀಲದ ಅಕ್ಕಿ ಹಸನು ಮಾಡಿಕೊಂಡು, ಸಭೆಯಲ್ಲಿ ಈಚೆಗೆ ಹೆತ್ತ ರೂತಮ್ಮನ ಮನೆಗೆ ಹೋದೆ. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡೇ ಬಾಗಿಲಿಗೆ ಬಂದಳು.

"ಅಕ್ಕಿ ಏನ್ರಿ ಅಮ್ಮಾರ? ರೇಷನ್ ಅಕ್ಕಿ ಇಡಾಕ ಜಾಗ ಇಲ್ರಿ ನಮ್ಮನ್ಯಾಗ. ಕೂಸಿಗೆ ಸೋಪು ಗೀಪು ತಂದಿದ್ರ ಕೊಡ್ರಿ."

ಸೋಪು ಕೊಡಿಸಿದೆ. ಅಕ್ಕಿ ವಾಪಸು ತಂದೆ. ಯಾರ ಮನೆಯ ಒಲೆಯೂ ಆರದಿರುವುದು ಒಳ್ಳೆಯ ಸುದ್ದಿಯೇ. ಅವ್ವ ಇದ್ದಿದ್ದರೆ ಸ್ತೋತ್ರ ಹೇಳುತ್ತಿದ್ದಳು. ನನಗೆ ಮಾತ್ರ ದಾರಿಯುದ್ದಕ್ಕೂ ಒಂದೇ ವಿಚಾರ: ಪಡೆಯುವವನ ಸುಳಿವಿಲ್ಲ, ಉಣ್ಣುವವರೂ ಇಲ್ಲ. ಹಾಗಾದರೆ ಈ ಹಿಡಿ ಎಲ್ಲಿಗೆ ಹೋಗುತ್ತಿದೆ?

ಗೌರವ್ವನಿಗೆ ಇದನ್ನು ಹೇಳಿಕೊಂಡೆ. ಅವಳು ಸೊಪ್ಪು ಸೋಸುತ್ತಿದ್ದಳು.

"ನಂಬಿಕಿ ಇಲ್ದ ಹಾಕಾಕತ್ತೀನಿ ಗೌರವ್ವ. ಅದು ಸುಳ್ಳಾಗೂದಿಲ್ಲೇನ?"

"ಜೋಳಿಗಿಗೆ ಹಾಕೂ ಮುಂದ ನಾ ಏನ್ ನಂಬಿಕಿ ಅಳದು ಹಾಕ್ತೀನೇನ್ರಿ? ಮೊರದಾಗ ಇದ್ದದ್ದು ಹಾಕ್ತೀನಿ. ಅಯ್ಯಾರು ಬಾಗಿಲಾಗ ನಿಂತಿರ್ತಾರ, ಹಾಲು ಉಕ್ಕಾಕತ್ತಿರತೈತಿ, ನಂಬಿಕಿ ಹುಡುಕಾಕ ಎಲ್ಲಿ ಟೈಮ್ ಐತಿ?"

"ನಿಮ್ಮ ಬಾಗಿಲಾಗ ಅಯ್ಯಾರು ನಿಂತಿರ್ತಾರ. ನನ್ನ ಬಾಗಿಲಾಗ ಯಾರೂ ಇಲ್ಲಲ್ಲವಾ."

ಗೌರವ್ವ ಒಂದಿಷ್ಟು ಸೊಪ್ಪು ನನ್ನ ಮಡಿಲಿಗೆ ಹಾಕಿ, "ಸೋಸ್ರಿ" ಎಂದಳು.

ಸುಗ್ಗಿ ಹಬ್ಬ ಬಂತು. ಡಬ್ಬಿ ತುಂಬಿಕೊಂಡು ಹೋದೆ. ಹರಾಜು ಕೂಗುವವರು ದಾನಿಯೇಲಪ್ಪ, ನಿವೃತ್ತ ಕಂಡಕ್ಟರು, ಇವರ ಹಳೆಯ ಗೆಳೆಯರು. ಹರಾಜನ್ನೂ ಬಸ್ಸಿನಂತೆಯೇ ನಡೆಸುತ್ತಾರೆ. "ಮುಂದ ಸರೀರಿ, ಮುಂದ ಜಾಗ ಐತಿ! ಹುಂಜ ನೋಡ್ರಿ ಹುಂಜ, ಡೈರೆಕ್ಟ್ ಕೊಪ್ಪಳ, ನಡುವ ಎಲ್ಲೂ ನಿಲ್ಲಂಗಿಲ್ಲ!" ಹುಂಜ ಭರ್ಜರಿಯಾಗಿ ಹೋಯಿತು. ಯಾರೋ ತಂದ ಕೇಕು ಅದಕ್ಕಿಂತ ಜೋರಾಗಿ ಹೋಯಿತು. ಕಡೆಗೆ ನನ್ನ ಡಬ್ಬಿ.

"ಸಿಸ್ಟರಮ್ಮಾರ ಹಿಡಿಯಕ್ಕಿ! ಯಾರು ಕೂಗ್ತೀರಿ?"

ಯಾರೂ ಕೂಗಲಿಲ್ಲ. ದಾನಿಯೇಲಪ್ಪನ ಕಣ್ಣು ಅಭ್ಯಾಸಬಲದಿಂದ ಬೇವಿನ ಗಿಡದ ಕೆಳಗೆ, ಇವರು ನಿಲ್ಲುತ್ತಿದ್ದ ಜಾಗಕ್ಕೆ ಹೋಯಿತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿ, ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ಕೂಗ್ರಪಾ ಯಾರರ. ಬಸ್ ಖಾಲಿ ಹೊಂಟೈತಿ."

"ಕೊಡ್ರಿ ಇತ್ಲಾಗ" ಎಂದ ದರ್ಜಿ ಆನಂದ, ದೊಡ್ಡ ಉಪಕಾರ ಮಾಡುವವನಂತೆ. "ನಮ್ಮ ಪಾರಿವಾಳಕ್ಕ ಆಗ್ತೈತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ತಪ್ಪೇನೂ ಆಡಿರಲಿಲ್ಲ. ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡು ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ಅದು ಎಷ್ಟು ಹಗುರವಾಗಿತ್ತೆಂದರೆ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡದ್ದೇ ಮರೆತು ಹುಡುಕಿದೆ.

ಮನೆಗೆ ಬಂದು ಸೀರೆ ಬದಲಿಸಿ, ಡಬ್ಬಿಯನ್ನು ತೊಳೆದೆ, ಒರೆಸಿದೆ, ಬಿಸಿಲಿಗೆ ಇಟ್ಟೆ, ಸ್ಟೂಲ್ ಹತ್ತಿ ಮೇಲಿನ ಹಲಗೆಯ ಮೇಲೆ ಬೋರಲು ಹಾಕಿದೆ. ಗಡುವು ಮುಗಿದಿತ್ತು. ಒಳಗೆ ಏನೂ ಮಿಸುಕಿರಲಿಲ್ಲ. ಇಷ್ಟು ವರ್ಷ ಹಿಂಡಿದ ಎಮ್ಮೆ ಬತ್ತಿದೆ ಎಂದು ನನಗೆ ನಾನೇ ಸ್ಪಷ್ಟವಾಗಿ ಹೇಳಿಕೊಂಡೆ. ಆ ಸಂಜೆ ಅಳು ಕೂಡ ಬರಲಿಲ್ಲ. ಗಿಡಗಳಿಗೆ ಹೊತ್ತಿಗೆ ಮೊದಲೇ ನೀರು ಹಾಕಿದೆ.

ಮರುದಿನ ಸೋಮವಾರ. ಎದ್ದೆ, ಚಾದರ ಮಡಚಿದೆ, ಕಸ ಗುಡಿಸಿದೆ. ಮೊಣಕಾಲೂರಲಿಲ್ಲ. ಅಕ್ಕಿಯ ಪಾತ್ರೆ ತೆಗೆದೆ. ಕೈ ಒಳಗೆ ಹೋಯಿತು, ಹಿಡಿ ತುಂಬಿತು, ಬಲಕ್ಕೆ ಚಾಚಿತು, ಬಿಟ್ಟಿತು.

ಅಲ್ಲಿ ಡಬ್ಬಿ ಇರಲಿಲ್ಲ. ಅಕ್ಕಿ ಕಡಪಾ ಕಲ್ಲಿಗೆ ಬಡಿದು ನೆಲಕ್ಕೆ ಹಾರಿ ಸಿಲಿಂಡರಿನ ಹಿಂದೆ, ಒರಳಿನ ಸಂದಿಗೆ, ಎಲ್ಲೆಂದರಲ್ಲಿ ಚೆಲ್ಲಿತು.

ಮೊಣಕಾಲೂರಲೇಬೇಕಾಯಿತು. ಕನ್ನಡಕ ಹಾಕಿಕೊಂಡು ಒಂದೊಂದೇ ಕಾಳು ಆರಿಸಿದೆ. ಈ ವಯಸ್ಸಿನಲ್ಲಿ ನೆಲಕ್ಕೆ ಇಳಿಯುವುದು ಸುಲಭ, ಏಳುವುದು ಕಷ್ಟ. ಸಿಂಕಿನ ಅಂಚು ಹಿಡಿದು ಎದ್ದು ನಿಂತಾಗ ಹಿಡಿಯಲ್ಲಿ ಅಕ್ಕಿ ಇತ್ತು, ಎಲ್ಲಿ ಹಾಕುವುದೆಂದು ತಿಳಿಯಲಿಲ್ಲ. ಪಾತ್ರೆ ಮುಂದೆಯೇ ಇತ್ತು. ತೊಳೆದು ಬೇಯಿಸಿದರೆ ನನ್ನ ಊಟಕ್ಕೇ ಆಗುತ್ತಿತ್ತು. ನಾನು ಯಾರನ್ನೂ ನಂಬುತ್ತಿಲ್ಲವೆಂದ ಮೇಲೆ ಅವ್ವನ ಕಟ್ಟಳೆಗೆ ಏನು ಅರ್ಥ? ಕೈಯನ್ನು ಪಾತ್ರೆಯ ಮೇಲೆ ಹಿಡಿದೆ. ಬೆರಳು ಬಿಚ್ಚಲಿಲ್ಲ. ಕಿಟಕಿ ತೆರೆದು ಗುಬ್ಬಿಗಳಿಗೆ ಎರಚೋಣವೆಂದರೆ ಅದಕ್ಕೂ ಬಿಚ್ಚಲಿಲ್ಲ. ನನ್ನ ಕೈಯ ಮೇಲೆ ನನಗೇ ಸಿಟ್ಟು ಬಂತು. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ, ಮುಷ್ಟಿ ಕಟ್ಟಿಕೊಂಡು, ಜಗಳಕ್ಕೆ ಹೊರಟವಳಂತೆ.

ಕಡೆಗೆ ಎಡಗೈಯಿಂದ ಸ್ಟೂಲು ಎಳೆದು, ಹತ್ತಿ, ಡಬ್ಬಿಯನ್ನು ಇಳಿಸಿ, ಒಲೆಯ ಬಲಗಡೆ ಇಟ್ಟೆ. ಮುಷ್ಟಿ ಅದರ ಮೇಲೆ ತಾನೇ ಸಡಿಲಿತು.

ಸರ್ರೆಂದಿತು. ಬರಿಯ ತಗಡಿನ ಮೇಲೆ ಅಕ್ಕಿ ಬಿದ್ದ ಸದ್ದು. ಅದಕ್ಕಿಂತ ಹೆಚ್ಚಿನದೇನೋ ಕೇಳಿಸಿತು ಎಂದು ನಿಮಗೆ ಹೇಳಿದರೆ ಸುಳ್ಳಾಗುತ್ತದೆ. ಇನ್ನೂ ಏನಾದರೂ ಕೇಳೀತೇ ಎಂದು ಕುಕ್ಕರಿನ ಮುಚ್ಚಳ ಕೈಯಲ್ಲಿ ಹಿಡಿದು ನಿಂತೆ. ಗೌರವ್ವನ ಮನೆಯಲ್ಲಿ ನಲ್ಲಿ ಬಂದಿತ್ತು, ಕೊಡ ತುಂಬುತ್ತಿತ್ತು.

ನಾಳೆಯೂ ಸದ್ದಾಗುತ್ತದೆ, ನಾಡಿದ್ದು ಸ್ವಲ್ಪ ಕಡಿಮೆ. ಆಮೇಲೆ ತಳ ಮುಚ್ಚಿಹೋಗುತ್ತದೆ.